ಪಾಪ್ ಹಾಡಿನ ಲೇಖನವನ್ನು ಕೆಳಗಿನಿಂದ ಮೇಲೆ ಓದಿ

ಅಣ್ಣಾ, ವಿಕಿಪೀಡಿಯದ ಪ್ರಯೋಗಪುಟದಲ್ಲಿರುವ (ಕರಡು ಬರೆಯುವ ಪುಟ), ಕೊರಿಯಾದ ಗಾಯಕ ಸೈ ಹಾಡಿದ ಗಂಗ್ನಮ್ ಸ್ಟೈಲ್ ಹಾಡಿನ ಲೇಖನಕ್ಕೆ "ಭಾಷೆ ಚೆನ್ನಾಗಿದೆ, ಉಲ್ಲೇಖ ಬೇಕಾದಷ್ಟಿದೆ, ಜಿಎ ಕೊಡಬಹುದು" ಅಂತ ಬರೆದಿದ್ದೀರಿ. ಜಿಎ, ಅಂದರೆ 'ಗುಡ್ ಆರ್ಟಿಕಲ್' (ಉತ್ತಮ ಲೇಖನ) ದರ್ಜೆ, ದಯವಿಟ್ಟು ಈಗಲೇ ಕೊಡಬೇಡಿ. ಉಲ್ಲೇಖಗಳ ಸಂಖ್ಯೆ ನೋಡಿ ಪಾಸು ಮಾಡಿದ ಲೇಖನಗಳು ಈ ಗುಂಪಿನಲ್ಲಿ ಮೊದಲೂ ವಾಪಸ್ ಬಂದಿವೆ. ನಮ್ಮ ಕೊಡಗಿನಲ್ಲಿ ಮೂಟೆಯ ಬಾಯಿ ನೋಡಿ ಯಾರಾದರೂ ಕಾಫಿಗೆ ರೇಟು ಹೇಳುತ್ತಾರಾ? ಔಟ್‌ಟರ್ನ್ ತೆಗೆದೇ, ಅಂದರೆ ಸ್ಯಾಂಪಲ್‌ನಲ್ಲಿ ಎಷ್ಟು ಬೀಜ ಸಿಗುತ್ತದೆ ಅಂತ ನೋಡಿಯೇ ಹೇಳುವುದು, ಅಲ್ವಾ?

ನಾನು ಲೇಖನವನ್ನು ಉಲ್ಲೇಖಗಳ ಪಟ್ಟಿಯಿಂದ ಶುರು ಮಾಡುತ್ತೇನೆ. ಕಣ್ಣಿಗೆ ಬಿದ್ದ ನಾಲ್ಕೈದು ಲಿಂಕ್ ತೆರೆಯುತ್ತೇನೆ. ಮೂಲದಲ್ಲಿ ಏನಿದೆ ಅಂತ ಮೊದಲು ಓದಿ, ಆಮೇಲೆ ಲೇಖನದ ವಾಕ್ಯಕ್ಕೆ ಬರುತ್ತೇನೆ. ವಾಕ್ಯ ಮೊದಲು ಓದಿದರೆ ಮೂಲದಲ್ಲೂ ಅದೇ ಇದೆ ಅಂತ ಮನಸ್ಸು ಒಪ್ಪಿಬಿಡುತ್ತದೆ. ಈ ಲೇಖನದ ಪೀಠಿಕೆಯಲ್ಲೇ "ಅಮೆರಿಕದಲ್ಲಿ ನಂಬರ್ ಒನ್" ಅಂತಿದೆ. ತಪ್ಪು. ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಅದು ಏರಿದ್ದು 2ನೇ ಸ್ಥಾನದವರೆಗೆ ಮಾತ್ರ. ನಂಬರ್ ಒನ್ ಆಗಿದ್ದು ಬ್ರಿಟನ್ನಿನ ಪಟ್ಟಿಯಲ್ಲಿ. ಕೊಟ್ಟಿರುವ ಉಲ್ಲೇಖ ತೆರೆದಿದ್ದರೆ ನಿಮಗೂ ಗೊತ್ತಾಗುತ್ತಿತ್ತು. ಯೂಟ್ಯೂಬ್‌ನಲ್ಲಿ ಮೊದಲು 100 ಕೋಟಿ ವೀಕ್ಷಣೆ ಮುಟ್ಟಿದ ವಿಡಿಯೋ ಅನ್ನುವುದು ಸರಿ, 2012ರ ಡಿಸೆಂಬರ್ 21. ಆದರೆ ಅದಕ್ಕೆ ಯೂಟ್ಯೂಬ್ ಪುಟವನ್ನೇ ಉಲ್ಲೇಖ ಮಾಡಿದ್ದಾರೆ. ಅಲ್ಲಿ ಇವತ್ತಿನ ಎಣಿಕೆ ಕಾಣುತ್ತದೆ, ಆ ದಿನದ್ದು ಕಾಣುವುದಿಲ್ಲ. ಪತ್ರಿಕೆಯ ವರದಿ ಹಾಕಿಸಿ.

ಹಾಡಿಗೆ ಪ್ಲಾಟಿನಂ ಪ್ರಮಾಣಪತ್ರ ಅಂತ ಕಂಡ ಕೂಡಲೇ "10 ಲಕ್ಷ ಪ್ರತಿ ಮಾರಾಟ" ಅಂತ ಬರೆಯುವುದನ್ನು ಬಿಡಿಸಬೇಕು. ಅದನ್ನು ಕೊಡುವ ಅಮೆರಿಕದ ಸಂಗೀತ ಕಂಪನಿಗಳ ಸಂಘ ಆರ್‌ಐಎಎ ಈಗ ಯೂನಿಟ್ ಲೆಕ್ಕ ಹಾಕುತ್ತದೆ. 150 ಸ್ಟ್ರೀಮ್ ಸೇರಿದರೆ ಹಾಡಿನ ಒಂದು ಯೂನಿಟ್. ಸ್ಟ್ರೀಮಿಂಗ್ ಸೇರಿದ ಲೆಕ್ಕವನ್ನು ಮಾರಾಟ ಅನ್ನುವಂತಿಲ್ಲ.

ಸಂಗೀತ ಪ್ರಕಾರದ ಜಗಳ ಇನ್ನೊಂದು. ಇನ್ಫೋಬಾಕ್ಸ್‌ನಲ್ಲಿ (ಲೇಖನದ ಪಕ್ಕದ ಮಾಹಿತಿ ಚೌಕದಲ್ಲಿ) ಒಬ್ಬರು ಕೆ-ಪಾಪ್ ಹಾಕುತ್ತಾರೆ, ಇನ್ನೊಬ್ಬರು ತೆಗೆದು ಡಾನ್ಸ್-ಪಾಪ್ ಮಾಡುತ್ತಾರೆ. ವಿಮರ್ಶಕರು ಬರೆದ ಮಾತಿದ್ದರೆ ಮಾತ್ರ ಉಳಿಸಿ. ಆಲ್‌ಮ್ಯೂಸಿಕ್ ಜಾಲತಾಣದ ವಿಮರ್ಶೆ ನನಗೆ ಇಷ್ಟ, ಆದರೆ ಅದರ ಪಕ್ಕದ ಪ್ರಕಾರದ ಪಟ್ಟಿಯನ್ನು ನಾನು ಒಪ್ಪುವುದೇ ಇಲ್ಲ. ಡಿಸ್ಕಾಗ್ಸ್, ಐಎಮ್‌ಡಿಬಿ ಜಾಲತಾಣಗಳು ಬೇಡವೇ ಬೇಡ. ಅಲ್ಲಿ ಬಳಕೆದಾರರೇ ತುಂಬುತ್ತಾರೆ. ಲೇಖನದ ಬದಲಾವಣೆಗಳ ಚರಿತ್ರೆ ಪುಟವನ್ನೂ ನೋಡಿ. ದಿನಾ ರಿವರ್ಟ್ (ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ರದ್ದು ಮಾಡುವುದು) ನಡೆಯುತ್ತಿದ್ದರೆ ಲೇಖನ ಸ್ಥಿರವಾಗಿಲ್ಲ, ಜಿಎ ಕೇಳುವ ಹೊತ್ತು ಇದಲ್ಲ.

ಹಾಡಿನ ಸಾಹಿತ್ಯ ಪೂರ್ತಿ ಹಾಕಿದ್ದರೆ ತಕ್ಷಣ ತೆಗೆಸಿ, ಹಕ್ಕುಸ್ವಾಮ್ಯ ಇದೆ. ಅಗತ್ಯವಿದ್ದರೆ ಒಂದೆರಡು ಸಾಲು ಸಾಕು. ಮತ್ತೆ, ಹಾಡು ಹುಟ್ಟಿದ್ದು ಹೇಗೆ, ರಾಗ-ತಾಳ ಏನು, ವಿಮರ್ಶಕರು ಏನಂದರು ಅನ್ನುವುದೇ ಇಲ್ಲದೆ ಬರೀ ಚಾರ್ಟ್ ಕೋಷ್ಟಕ ತುಂಬಿದ್ದರೆ ಅದು ಲೇಖನವೇ ಅಲ್ಲ. ಇದರಲ್ಲಿ ಸಂಗೀತದ ಬಗ್ಗೆ ಇರುವುದು ಎರಡೇ ವಾಕ್ಯ!

ಮುಂದೆ ಕೊಡವ ಆಲ್ಬಂ ಹಾಡಿನ ಬಗ್ಗೆ ಬರೆಯುತ್ತೇನೆ ಅಂದಿರಲ್ಲ, ಖುಷಿಯಾಯಿತು. ಆದರೆ ಬಿಡುಗಡೆ ಸಮಾರಂಭದ ಸುದ್ದಿ ಒಂದೇ ಸಾಲದು. ಹಾಡಿನ ಬಗ್ಗೆಯೇ ಯಾರಾದರೂ ಬರೆದಿರಬೇಕು. ಮಡಿಕೇರಿಯ 'ಶಕ್ತಿ' ಪತ್ರಿಕೆಯ ಹಳೇ ಸಂಚಿಕೆ ಹುಡುಕಿ. ದಿನಾಂಕ, ಪುಟ ಸಂಖ್ಯೆ ಕೊಟ್ಟರೆ ಸಾಕು, ಲಿಂಕ್ ಇಲ್ಲದಿದ್ದರೂ ನಡೆಯುತ್ತದೆ. ಲಿಂಕ್ ಇದ್ದರೆ ಜಾಲಪುಟಗಳ ಪ್ರತಿ ಕಾಪಾಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ, ಪಿಡಿಎಫ್ ಸಹ ಫೋನಿನಲ್ಲಿರಲಿ.

ಈಗ ಚಾರ್ಟ್ ವಿಭಾಗದ ಉಲ್ಲೇಖಗಳನ್ನು ತೆರೆದು, ಹೊಂದದೇ ಇರುವುದನ್ನು ಚರ್ಚೆ ಪುಟದಲ್ಲಿ ಬರೆಯಿರಿ. ವಿಮರ್ಶೆಯ ಭಾಗ ನಾನು ನೋಡುತ್ತೇನೆ.