ಸ್ಕೀ ರೆಸಾರ್ಟ್‌ನಲ್ಲಿ ಮೇಲಿನ ಇಳಿಜಾರಿಗೆ ಬೇರೆ ಟಿಕೆಟ್ ಇಡುವುದು ಸರಿಯಾ?

ದಿನದ ಟಿಕೆಟ್ ತಗೊಂಡ ಮೇಲೂ ಎತ್ತರದ, ಒಳ್ಳೆಯ ಇಳಿಜಾರುಗಳಿಗೆ ಸ್ಕೀ ರೆಸಾರ್ಟ್‌ನವರು ಬೇರೆ ದುಡ್ಡು ಕೇಳಬಹುದಾ ಅಂತ ನೀವು ಕೇಳಿದ್ದೀರಿ. ನಾನು ಮಲ್ಪೆಯವನು. ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಹಿಮದ ಮೇಲೆ ಜಾರುವ ಸ್ಕೀ ಕಲಿತೆ. ನನ್ನ ಉತ್ತರ ಇಷ್ಟು: ಬೇರೆ ಜಾಗಕ್ಕೆ ಬೇರೆ ಟಿಕೆಟ್ ಇಡಲಿ, ತಕರಾರಿಲ್ಲ. ಆದರೆ ಜನರನ್ನು ಬೆಟ್ಟದ ಮೇಲೆ ಹತ್ತಿಸುವ ಒಂದೇ ಲಿಫ್ಟ್‌ಗೆ, ಜಾಸ್ತಿ ಕೊಟ್ಟವರದ್ದು ಒಂದು, ಉಳಿದವರದ್ದು ಒಂದು ಅಂತ ಎರಡು ಲೈನ್ ಮಾಡಬಾರದು.

ಗುಲ್ಮಾರ್ಗ್‌ನ ಗೊಂಡೋಲಾ, ಅಂದರೆ ಕೇಬಲ್ ಕಾರ್, ಎರಡು ಹಂತದ್ದು. ಮೊದಲನೆಯದು ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಿಂದ ಕೊಂಗ್ಡೂರಿಗೆ. ಎರಡನೆಯದು ಅಲ್ಲಿಂದ ಅಫರ್ವಾತ್ ಬೆಟ್ಟಕ್ಕೆ, ಸುಮಾರು 3,950 ಮೀಟರ್ ತನಕ. ಒಂದೊಂದಕ್ಕೂ ಬೇರೆ ಟಿಕೆಟ್. ಕಲಿಯುವವರಾದ ನಾವು ಕೆಳಗಿನ ಬಯಲಲ್ಲೇ ಬಿದ್ದು ಎದ್ದು ಅಭ್ಯಾಸ ಮಾಡುತ್ತಿದ್ದೆವು.

ಒಂದು ದಿನ ರಾತ್ರಿಯಿಡೀ ಹಿಮ ಬಿದ್ದಿತ್ತು. ಬೆಳಿಗ್ಗೆ ಮೇಲಿನಿಂದ ಧಡಾರ್ ಅಂತ ಸದ್ದು ಬಂತು. ನಮ್ಮ ಕಡೆ ಕಪ್ಪುಕಲ್ಲಿನ ಕೋರೆಯಲ್ಲಿ ಬಂಡೆ ಒಡೆಯುತ್ತಾರಲ್ಲ, ಹಾಗೇ. ಸಡಿಲ ಹಿಮ ಜನರ ಮೇಲೆ ಜಾರುವ ಮೊದಲೇ ಮದ್ದು ಸಿಡಿಸಿ ಅದನ್ನು ಬೀಳಿಸುತ್ತಾರೆ ಅಂತ ಕಲಿಸುವವರು ಹೇಳಿದರು. ಅವತ್ತು ಮಧ್ಯಾಹ್ನದ ತನಕ ಮೇಲಿನ ಹಂತ ತೆರೆಯಲೇ ಇಲ್ಲ. ಆ ಮದ್ದಿಗೆ, ಅದನ್ನು ಸಿಡಿಸುವ, ಇಳಿಜಾರು ಕಾಯುವ ಪಟ್ರೋಲ್‌ನವರಿಗೆ, ಕಾಲು ಮುರಿದುಕೊಂಡವರನ್ನು ಇಳಿಸಿ ತರುವುದಕ್ಕೆ ಎಲ್ಲಾ ಖರ್ಚಿದೆ. ಆ ಖರ್ಚನ್ನು ಮೇಲೆ ಹೋಗುವವರು ಕೊಡಲಿ. ಕೆಳಗೆ ಕಲಿಯುವವನ ಟಿಕೆಟ್‌ಗೆ ಅದನ್ನು ಸೇರಿಸುವುದು ಯಾಕೆ?

ಎರಡು ಲೈನಿನ ಕತೆ ಬೇರೆ. ನಮ್ಮ ಕರಾವಳಿಯ ಒಂದು ಬೀಚ್‌ನಲ್ಲಿ ಮನೆಯವರ ಜೊತೆ ಬೋಟ್ ರೈಡ್‌ಗೆ ನಿಂತಿದ್ದೆ. ಏಪ್ರಿಲ್ ತಿಂಗಳ ಭಾನುವಾರ, ಕಾಲಿಟ್ಟರೆ ಮರಳು ಸುಡುತ್ತಿತ್ತು. ಪಕ್ಕದಲ್ಲಿ ಜಾಸ್ತಿ ಕೊಟ್ಟವರ ಲೈನ್. ಬೋಟ್‌ಗೆ ಎಂಟು ಸೀಟು. ಪ್ರತಿ ಸಲ ಐದು ಸೀಟು ಆ ಲೈನಿಗೆ, ಉಳಿದ ಮೂರು ನಮಗೆ. ನಾವೂ ದುಡ್ಡು ಕೊಟ್ಟೇ ನಿಂತವರು. ಒಂದು ಗಂಟೆ ಮೇಲಾಯಿತು. ಅಲ್ಲಿ ಸೀಟು ಒಂದೂ ಜಾಸ್ತಿ ಆಗಿರಲಿಲ್ಲ. ಅವರಿಗೆ ಮಾರಿದ್ದು ನಮ್ಮ ಸಮಯವನ್ನೇ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವುದು ಹಾಗಲ್ಲ. ದೊಡ್ಡ ಬೋಟ್ ಬೇರೆ, ಸ್ಪೀಡ್ ಬೋಟ್ ಬೇರೆ. ಜಾಸ್ತಿ ಕೊಟ್ಟವರು ಬೇಗ ಮುಟ್ಟುತ್ತಾರೆ. ದೊಡ್ಡ ಬೋಟ್‌ನಲ್ಲಿ ನನ್ನ ಸೀಟು ನನಗೇ ಇರುತ್ತದೆ.

2021ರಲ್ಲಿ ಅಮೆರಿಕದಲ್ಲೂ ಇದೇ ಜಗಳ ಆಯಿತು. ಪೌಡರ್ ಅನ್ನುವ ಕಂಪನಿ ಕೊಲೊರಾಡೊದ ಕಾಪರ್, ಒರೆಗಾನ್‌ನ ಮೌಂಟ್ ಬ್ಯಾಚುಲರ್ ಮುಂತಾದ ತನ್ನ ರೆಸಾರ್ಟ್‌ಗಳಲ್ಲಿ ‘ಫಾಸ್ಟ್ ಟ್ರ್ಯಾಕ್ಸ್’ ತಂದಿತು. ದಿನದ ಟಿಕೆಟ್ ಮೇಲೆ ಇನ್ನಷ್ಟು ಕೊಟ್ಟರೆ ಕೆಲವು ಲಿಫ್ಟ್‌ಗಳಿಗೆ ಬೇರೆ ಲೈನ್. ಒರೆಗಾನ್‌ನ ಸೆನೆಟರ್ ರಾನ್ ವೈಡನ್ ಕೂಡ ವಿರೋಧಿಸಿದರು. ಬ್ಯಾಚುಲರ್ ಇರುವುದು ಸರ್ಕಾರದ ಕಾಡಿನಲ್ಲಿ. ಎಲ್ಲರಿಗೂ ಸೇರಿದ ಬೆಟ್ಟದಲ್ಲಿ ಕೊಟ್ಟವರು ಮುಂದೆ, ಉಳಿದವರು ಹಿಂದೆ ಅಂದರೆ ಸಿಟ್ಟು ಬರದೇ ಇರುತ್ತದಾ?

ಕಷ್ಟದ ಪ್ರಶ್ನೆ ಅಮೆರಿಕದ್ದೇ ಮೊಂಟಾನಾದ ಬಿಗ್ ಸ್ಕೈ ಅನ್ನುವ ರೆಸಾರ್ಟ್‌ನದ್ದು. ಅಲ್ಲಿ ಲೋನ್ ಪೀಕ್ ಬೆಟ್ಟದ ತುದಿಗೆ ಟ್ರಾಮ್ ಇದೆ, ಅದೂ ಒಂದು ಥರದ ಕೇಬಲ್ ಕಾರ್. 1995ರ ಹಳೆಯ ಟ್ರಾಮ್‌ನಲ್ಲಿ ಒಮ್ಮೆಗೆ 15 ಜನ. ಅದಕ್ಕೆ 2021ರ ಚಳಿಗಾಲದಿಂದ ಬೇರೆ ದುಡ್ಡು ಕೇಳತೊಡಗಿದರು. 2023ರ ಕೊನೆಗೆ 75 ಜನರ ಹೊಸ ಟ್ರಾಮ್ ಬಂತು, ಬೇರೆ ದುಡ್ಡು ಹಾಗೇ ಉಳಿಯಿತು. ಅದು ಬೇರೆ ಜಾಗವೇ, ಅಪಾಯದ ಜಾಗವೇ. ನನ್ನ ಲೆಕ್ಕದಲ್ಲಿ ಬೇರೆ ಟಿಕೆಟ್ ಇಡಬಹುದು. ಆದರೆ ಯಾವ ರೆಸಾರ್ಟೇ ಆಗಲಿ, ಮೊದಲು ಟಿಕೆಟ್‌ನ ಒಳಗೇ ಇದ್ದದ್ದನ್ನು ಹೊರಗೆ ತೆಗೆದರೆ ಆ ಟಿಕೆಟ್‌ನ ರೇಟು ಇಳಿಯಬೇಕು, ಅಲ್ವಾ? ಅದು ಇಳಿಯದಿದ್ದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಬೇರೆ ಟಿಕೆಟ್ ಮಾರುವವರು, ಮೇಲಿನ ಇಳಿಜಾರು ಮುಚ್ಚಿದ ದಿನ ದುಡ್ಡು ಪೂರ್ತಿ ವಾಪಸ್ ಕೊಡಬೇಕು. ಇಲ್ಲದಿದ್ದರೆ ‘ದುಡ್ಡು ಕೊಟ್ಟಿದ್ದೇವಲ್ಲ, ಬಿಡಿ’ ಅಂತ ಜನ ಪಟ್ರೋಲ್‌ನವರ ಮೇಲೆ ಏರಿ ಹೋಗುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ದ್ವೀಪಕ್ಕೆ ಬೋಟ್ ಬಿಡುವುದಿಲ್ಲ, ದೊಡ್ಡದೂ ಇಲ್ಲ, ಸ್ಪೀಡ್ ಬೋಟೂ ಇಲ್ಲ. ಬೆಟ್ಟದ ಮೇಲೂ ಹಾಗೇ ಇರಬೇಕು. ಎಷ್ಟೇ ಕೊಟ್ಟಿರಲಿ, ಪಟ್ರೋಲ್‌ನವರು ಬೇಡ ಅಂದ ದಿನ ಯಾರಿಗೂ ಬೇಡ.