ಬೆಂಗಳೂರಿನ ಮಾತು ಆಮೇಲೆ, ಹಾಡುಗಳು ಯಾರ ಹೆಸರಿನಲ್ಲಿವೆ?

ಕಲಬುರಗಿಯಲ್ಲಿ ಪಂಕ್ ರಾಕ್ ಬ್ಯಾಂಡ್ ಕಟ್ಟಿ ಸ್ವಂತ ಹಾಡುಗಳನ್ನು ಮಾಡಿರುವ ನೀವು, ಬೆಂಗಳೂರಿಗೆ ಹೋಗಿ ನೆಲೆಸದೆ ಮುಂದೆ ಬರಲು ಸಾಧ್ಯವೇ ಎಂದು ಕೇಳಿದ್ದೀರಿ. ಇದೇ ಚರ್ಚೆಯಲ್ಲಿ ನಮ್ಮ ಬ್ಯಾಂಡೂ ಮುಳುಗಿತ್ತು; ಅದು ತೀರ್ಮಾನವಾಗುವಷ್ಟರಲ್ಲಿ ಹಾಡುಗಳೇ ಕೈತಪ್ಪಿದ್ದವು.

ನಮ್ಮ ಅಭ್ಯಾಸ ನಡೆಯುತ್ತಿದ್ದುದು ಡ್ರಮ್ಮರನ ಸೋದರಮಾವನ ದಾಲ್ ಮಿಲ್ಲಿನ ಗೋದಾಮಿನಲ್ಲಿ. ಶಹಾಬಾದಿ ಪರಸಿ ಕಲ್ಲಿನ ನುಣುಪು ನೆಲದ ಮೇಲೆ ದೊಡ್ಡ ಡ್ರಮ್ಮು ಪ್ರತಿ ಒದೆತಕ್ಕೂ ಮುಂದಕ್ಕೆ ಜಾರುತ್ತಿದ್ದುದರಿಂದ ಅದಕ್ಕೊಂದು ತೊಗರಿ ಚೀಲವನ್ನು ಅಡ್ಡ ಇಡುತ್ತಿದ್ದೆವು. ಹೊಸ ತೊಗರಿ ಬಂದು ಮಿಲ್ಲು ಹಗಲಿರುಳು ನಡೆಯುವ ದಿನಗಳಲ್ಲಿ ಮಾತ್ರ ಅಭ್ಯಾಸಕ್ಕೆ ರಜೆ. ಬೆಂಗಳೂರಿಗಿಂತ ಹತ್ತಿರವೆಂದು ಹೈದರಾಬಾದಿಗೆ ಹೋಗಿ ಹಾಡುಗಳನ್ನು ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿಕೊಂಡು ಬಂದೆವು.

ಎಡವಿದ್ದು ಅದರ ನಂತರ. ಸ್ಟುಡಿಯೋದ ಹಣವನ್ನು ನಮ್ಮಲ್ಲಿ ಸಂಬಳ ಬರುತ್ತಿದ್ದ ಏಕೈಕ ವ್ಯಕ್ತಿಯಾದ ಗಿಟಾರ್ ವಾದಕ ಕೊಟ್ಟ; ಹಾಡುಗಳನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಖಾತೆಯನ್ನೂ ತನ್ನ ಇಮೇಲಿನಲ್ಲಿ, ತನ್ನದೇ ಹೆಸರಿನಲ್ಲಿ ತೆರೆದ. ಒಂದು ಕಾಗದ ಬರೆದುಕೊಳ್ಳೋಣವೇ ಎಂದು ಡ್ರಮ್ಮರ್ ಕೇಳಿದಾಗ ನಕ್ಕವನು ನಾನು: "ದೋಸ್ತ, ಕಾಗದ ಯಾಕ ಬೇಕು, ನಾವೇನ್ ಹೊಲ ಬರಸ್ಕೊಳ್ಳಕತ್ತೀವೇನು?" ವಾಷಿಂಗ್ಟನ್ನಿನಲ್ಲಿ ಪಂಕ್ ಬ್ಯಾಂಡುಗಳ ರೆಕಾರ್ಡ್ ಹೊರತರುವ ಡಿಸ್ಕಾರ್ಡ್ ಸಂಸ್ಥೆ ತನ್ನ ಬ್ಯಾಂಡುಗಳೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂಬುದನ್ನು ಓದಿಕೊಂಡಿದ್ದ ನನಗೆ ಕಾಗದವೆಂದರೆ ಯಾರ ಹಂಗೂ ಇಲ್ಲದ ಪಂಕ್‌ಗೆ ಅವಮಾನ. 1980ರಲ್ಲಿ ಆ ಸಂಸ್ಥೆಯನ್ನು ಕಟ್ಟಿದವರು ತಮ್ಮ ಬ್ಯಾಂಡು ಒಡೆದಾಗ ಉಳಿದಿದ್ದ ಹಣದಲ್ಲಿ ತಮ್ಮದೇ ಹಾಡುಗಳ ರೆಕಾರ್ಡ್ ಹೊರತಂದ ಹುಡುಗರು, ಊರು ಬಿಟ್ಟು ಹೋಗದೆ ದಶಕಗಳ ಕಾಲ ಬ್ಯಾಂಡುಗಳಿಗೆ ಲೆಕ್ಕ ಒಪ್ಪಿಸಿದವರು ಎಂಬುದನ್ನು ನಾನು ಗಮನಿಸಿರಲಿಲ್ಲ.

ಗಿಟಾರ್ ವಾದಕ ಪುಣೆಯಲ್ಲಿ ಕೆಲಸ ಹಿಡಿದ, ಮದುವೆಯಾದ, ಫೋನ್ ಎತ್ತುವುದನ್ನು ಕಡಿಮೆ ಮಾಡಿದ. ಖಾತೆಯ ವಾರ್ಷಿಕ ಶುಲ್ಕ ಕಟ್ಟದೆ ಹೋದದ್ದರಿಂದ ಹಾಡುಗಳು ಒಂದೊಂದಾಗಿ ಎಲ್ಲ ತಾಣಗಳಿಂದ ಮಾಯವಾದವು. ನಾವೇ ಮತ್ತೆ ಏರಿಸೋಣವೆಂದರೆ ಪ್ರತಿ ಧ್ವನಿಮುದ್ರಣವನ್ನು ಗುರುತಿಸುವ ಐಎಸ್‌ಆರ್‌ಸಿ ಸಂಖ್ಯೆ ಅವನ ಖಾತೆಯಲ್ಲಿತ್ತು. ಹೊಸ ಸಂಖ್ಯೆ ಪಡೆದರೆ ಅದುವರೆಗಿನ ಕೇಳುಗರ ಎಣಿಕೆ ಸೊನ್ನೆಯಿಂದ ಶುರು. ಸಾಹಿತ್ಯ ನನ್ನದು, ರಾಗ ಎಲ್ಲರದು, ಹಕ್ಕನ್ನು ಯಾರೂ ಯಾರಿಗೂ ಬರೆದುಕೊಟ್ಟಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದಲ್ಲಿ ಸಹಿಯಾಗದೆ ಹಕ್ಕು ವರ್ಗವಾಗದು ಎಂದು ಧೈರ್ಯದಿಂದ ವಕೀಲರ ಬಳಿ ಹೋದೆವು. ಸಾಹಿತ್ಯ ಮತ್ತು ಸಂಗೀತದ ಮಟ್ಟಿಗೆ ಅದು ಸರಿ, ಆದರೆ ಧ್ವನಿಮುದ್ರಣ ಬೇರೆಯದೇ ಹಕ್ಕು, ಅದು ನಿರ್ಮಾಪಕನಿಗೆ ಸೇರಿದ್ದು, ಹಣ ಹಾಕಿ ಹೊಣೆ ಹೊತ್ತವನು ನಾನೇ ನಿರ್ಮಾಪಕ ಎಂದು ಗಿಟಾರ್ ವಾದಕ ವಾದಿಸಬಹುದು ಎಂದು ಅವರು ವಿವರಿಸಿದರು. ಅವನು ಮೋಸಗಾರನಲ್ಲ, ಕೇವಲ ಆಸಕ್ತಿ ಕಳೆದುಕೊಂಡವನು, ಅಂಥವನ ಮೇಲೆ ದಾವೆ ಹೂಡುವ ಮನಸ್ಸೂ ನಮಗಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗುವುದಿಲ್ಲ. ಬೆಂಗಳೂರಿನಲ್ಲಿ ಮನೆ ಬಾಡಿಗೆಗಾಗಿ ಎಲ್ಲರೂ ಕೆಲಸಕ್ಕೆ ಸೇರುತ್ತೀರಿ, ಅಭ್ಯಾಸದ ಕೋಣೆಗೆ ಗಂಟೆಯ ಲೆಕ್ಕದಲ್ಲಿ ಹಣ ತೆರುತ್ತೀರಿ, ಕಲಬುರಗಿಯ ಮಾತಿನಲ್ಲಿ ಬರೆಯುವುದನ್ನು ಮೆಲ್ಲನೆ ಬಿಡುತ್ತೀರಿ. ಬಝ್‌ಕಾಕ್ಸ್ ಎಂಬ ಇಂಗ್ಲೆಂಡಿನ ಪಂಕ್ ತಂಡ 1977ರಲ್ಲಿ 500 ಪೌಂಡ್ ಸಾಲ ತಂದು ತನ್ನ ಮೊದಲ ರೆಕಾರ್ಡಿನ 1,000 ಪ್ರತಿಗಳನ್ನು ತಾನೇ ಹೊರತಂದದ್ದು ಮ್ಯಾಂಚೆಸ್ಟರಿನಿಂದ, ಲಂಡನ್ನಿಗೆ ಗುಳೆ ಹೋಗಿ ಅಲ್ಲ.

ಬ್ಯಾಂಡಿಗೆಂದೇ ಪ್ರತ್ಯೇಕ ಇಮೇಲ್ ತೆರೆದು ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವಂತೆ ಮಾಡಿ. ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮತ್ತು ಬ್ಯಾಂಡಿನ ಹೆಸರು ಯಾರವು, ಒಬ್ಬರು ಹೊರನಡೆದರೆ ಅವರ ಪಾಲೇನು ಎಂಬುದನ್ನು ಬರೆದು ಎಲ್ಲರೂ ಸಹಿ ಹಾಕಿ. ಸ್ಟುಡಿಯೋದ ಹಣ ಒಬ್ಬರೇ ಕೊಟ್ಟಿದ್ದರೆ ಅದು ಸಾಲವೋ ಬಂಡವಾಳವೋ ಎಂಬುದೂ ಅದರಲ್ಲಿರಲಿ. ಬೆಂಗಳೂರಿನಲ್ಲಿ ಯಾರಾದರೂ ನುಡಿಸಲು ಕರೆದರೆ ಖಂಡಿತ ಹೋಗಿ, ಮರುದಿನದ ರೈಲಿಗೆ ವಾಪಸ್ ಬನ್ನಿ.