‘ತಾಳ’ ಎಂಬ ಪದದ ಅರ್ಥವೇನು? ದಿನಬಳಕೆಯಲ್ಲಿ ಅದು ಹೇಗೆ ಬರುತ್ತದೆ?

ಸಂಗೀತದಲ್ಲಿ ತಾಳವೆಂದರೆ ಕಾಲವನ್ನು ನಿಯತ ಆವರ್ತಗಳಾಗಿ ಅಳೆಯುವ ಕ್ರಮ; ಉದಾಹರಣೆಗೆ, ಕರ್ನಾಟಕ ಸಂಗೀತದ ಆದಿತಾಳದ ಒಂದು ಆವರ್ತದಲ್ಲಿ 4, 2, 2 ಎಂಬ ವಿಭಾಗದಂತೆ 8 ಅಕ್ಷರಗಳು, ಅಂದರೆ ಎಣಿಕೆಗಳು, ಇರುತ್ತವೆ. ಭಜನೆಯಲ್ಲಿ ಬಾರಿಸುವ ಪುಟ್ಟ ಲೋಹದ ಬಟ್ಟಲುಗಳ ಜೋಡಿಗೂ ಇದೇ ಹೆಸರಿದೆ.

ಆಡುಮಾತಿನಲ್ಲಿ ಪದದ ವ್ಯಾಪ್ತಿ ಇನ್ನೂ ಹಿರಿದು: ಮೇಲಧಿಕಾರಿ ಹೇಳಿದ್ದಕ್ಕೆಲ್ಲ ಹೌದೆನ್ನುವವನು ‘ತಾಳ ಹಾಕುತ್ತಾನೆ’, ಇನ್ನೊಬ್ಬರ ಇಷ್ಟದಂತೆಯೇ ನಡೆಯುವವನು ‘ಅವರ ತಾಳಕ್ಕೆ ತಕ್ಕಂತೆ ಕುಣಿಯುತ್ತಾನೆ’, ಹಸಿದಾಗ ‘ಹೊಟ್ಟೆ ತಾಳ ಹಾಕುತ್ತದೆ’, ಹಿಂದುಮುಂದಿನ ಸಂಬಂಧವಿಲ್ಲದ ಮಾತು ‘ತಾಳಮೇಳವಿಲ್ಲದ್ದು’ ಎನಿಸಿಕೊಳ್ಳುತ್ತದೆ. ಇವುಗಳಲ್ಲಿ ಕೊನೆಯದು ನನಗೆ ಬಹಳ ಪ್ರಿಯವಾದ ಪ್ರಯೋಗ. ಹಾಡಿಕೆಯಲ್ಲಿ ಎಲ್ಲರೂ ಒಂದೇ ಎಣಿಕೆಯಲ್ಲಿ ಕೂಡಿ ಸಾಗಬೇಕೆಂಬ ಅನುಭವವೇ ಅಲ್ಲಿ ಮಾತಿನ ಅಳತೆಗೋಲಾಗಿದೆ.

ಅಂದಹಾಗೆ, ‘ತಾಳ್ಮೆ’ ಎಂಬುದು ಸಹಿಸು ಎಂಬರ್ಥದ ‘ತಾಳು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದದ್ದು. ಸಂಸ್ಕೃತದ ಈ ತಾಳಕ್ಕೂ ಅದಕ್ಕೂ ಸಂಬಂಧವಿಲ್ಲ.